ಪೆನ್ಸಿಲ್ಲಿನ ಗುರುತು

ಎಂ.ಎ. ಪ್ರಬಂಧಕ್ಕಾಗಿ ಕೈಲಾಂಚದ ಕಡೆ ಮನೆಮನೆ ಸುತ್ತುವಾಗ ಪರಿಚಯವಾದವರು ಆ ರೇಷ್ಮೆ ಸಾಕುವ ಅಕ್ಕ. ಏನು ಕೇಳಿದರೂ ಮೊದಲು ‘ಒಸಿ ತಾಳವ್ವ’ ಎನ್ನುತ್ತಿದ್ದರು. ಒಂದೊಂದೇ ಹುಳವನ್ನು ಬೆಳಕಿಗೆ ಹಿಡಿದು ನೋಡಿ, ಹಣ್ಣಾಗಿದ್ದರೆ ಮಾತ್ರ ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡುತ್ತಿದ್ದರು.

‘ಸಾಕಣೆಯ ತೀರ್ಮಾನ ಯಾರದು?’ ಎಂಬ ಪ್ರಶ್ನೆಗೆ ನಾನು ಬಸ್ಸಿನಲ್ಲೇ ‘ಗಂಡ’ ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡಿದ್ದೆ. ಎಲ್ಲ ಮನೆಗಳಿಗೂ ಹಾಗೆಯೇ ಮಾಡಿದ್ದೆ. ಅಕ್ಕ ನನ್ನ ಪ್ರಶ್ನೆಗಳ ಹಾಳೆ ಇಸಿದುಕೊಂಡು ಓದಿದರು.

‘ನಾನಿನ್ನೂ ಬಾಯೇ ಬುಟ್ಟಿಲ್ಲ, ನೀನಾಗ್ಲೇ ಬರ್ಕೊಂಬುಟ್ಟಿದೀಯಲ್ಲವ್ವ. ಮತ್ಯಾಕ್ ಬಂದೆ?’

ಗುರುತುಗಳನ್ನೆಲ್ಲ ಅಳಿಸಿ, ಹೋಗಿಬಂದಿದ್ದ ಮನೆಗಳಿಗೆಲ್ಲ ಮತ್ತೆ ಹೋದೆ. ಪ್ರಬಂಧ ತಡವಾಯಿತು. ‘ಇನ್ನೂ ಏನಮ್ಮಾ ಮಾಡ್ತಿದೀಯ?’ ಎಂದು ಮಾರ್ಗದರ್ಶಕರು ಗದರಿದರು.

‘ಈಗ ಕೇಳಿ ಬರೀತಿದೀನಿ, ಸರ್’ ಎಂದೆ.