ತಡಿಕೆಯಲ್ಲಿ ಬಿಟ್ಟ ದಾರಿ

ಕೊಲ್ಲಿ ದೇಶದ ಈ ಅಲ್ ಮನ್ಸೂರಾ ಬಡಾವಣೆಯ ಸೂಪರ್‌ಮಾರ್ಕೆಟ್ಟಿನಲ್ಲಿ ಮೀನು ಕೊಯ್ಯುತ್ತಲೇ ನನಗೆ ಮುಪ್ಪು ಬಂದಿತು. ವಿಮಾನದಲ್ಲಿ ಬರುವ ಸಾಲ್ಮನ್ ಮೀನುಗಳನ್ನು ಮಂಜುಗಡ್ಡೆಯ ಮೇಲೆ ಮಲಗಿಸುವುದು ಬೆಳಗಿನ ಕೆಲಸ. ಆ ತಣ್ಣನೆ ಹಬೆಯಲ್ಲಿ ಅವು ಇನ್ನೂ ಈಜುತ್ತಿರುವಂತೆ ಕಾಣುತ್ತವೆ.

ಪಕ್ಕದ ಬಡಾವಣೆ ಬಿನ್ ಮಹಮೂದಿನಿಂದ ಬರುವ ಮಂಗಳೂರಿನ ಟೀಚರಮ್ಮ ಒಂದು ದಿನ ಕೇಳಿದರು, "ಅಂಕಲ್, ಇದು ಹೊಳೆ ಮೀನಾ, ಕಡಲ ಮೀನಾ?"

"ಕಡಲಿದ್ದು."

"ಇಷ್ಟು ವರ್ಷ ಕೊಯ್ದು ಕಲಿತದ್ದು ಇಷ್ಟೇಯಾ?" ಎಂದು ನಕ್ಕರು. ಸಾಲ್ಮನ್ ಹುಟ್ಟುವುದು ಹೊಳೆಯ ಬೆಣಚುಕಲ್ಲುಗಳ ನಡುವೆ ಅಂತೆ. ಕಡಲಿಗಿಳಿದು ಬೆಳೆದು, ಮೊಟ್ಟೆಯಿಡುವ ಕಾಲಕ್ಕೆ ನೀರಿನ ವಾಸನೆ ಹಿಡಿದು ಹುಟ್ಟಿದ ಹೊಳೆಗೇ ಏರುತ್ತದಂತೆ. "ನೀವು ಕೊಯ್ಯುವುದು ಸಾಕಿದ ಮೀನು ಅಂಕಲ್. ಇದಕ್ಕೆ ಆ ಭಾಗ್ಯ ಇಲ್ಲ."

ಕತ್ತಿ ಕೈಯಲ್ಲೇ ನಿಂತಿತು. ಅಂಗಡಿಯ ದೀಪಗಳೆಲ್ಲ ನೀರಿನೊಳಗೆ ಅಲುಗಿದಂತಾದವು.

ನಮ್ಮೂರ ಗದ್ದೆಗಳ ನಡುವೆ ಹರಿಯುವ ಸಣ್ಣ ತೋಡಿನಲ್ಲೂ ಮೊದಲ ಮಳೆಗೆ ಮೀನು ಏರುತ್ತಿತ್ತು. ಕೆಳಗಿನ ಹೊಳೆಯಿಂದ, ಹೊಟ್ಟೆ ತುಂಬ ಮೊಟ್ಟೆ ಹೊತ್ತು, ಗದ್ದೆಯ ತೆಳುನೀರು ಹುಡುಕಿಕೊಂಡು. ತೋಡಿಗೆ ಅಡ್ಡ ಬಿದಿರಿನ ತಡಿಕೆ ಕಟ್ಟಿ ಹಿಡಿಯುತ್ತಿದ್ದೆವು. ಆದರೆ ಒಂದು ಬದಿ ಮೊಣಕೈ ಅಗಲ ದಾರಿ ಬಿಡಬೇಕು, ಹೋಗುವವು ಹೋಗಲಿ ಎಂದು. ಅದು ಊರಿನ ಕಟ್ಟಳೆ.

ನಾನಿನ್ನೂ ಊರಿನಲ್ಲಿದ್ದ ಒಂದು ವರ್ಷ, ತಡಿಕೆ ಕಟ್ಟುವ ಸರದಿ ಅಣ್ಣನದು. ಅವನು ಮುಸ್ಸಂಜೆ ತಡಿಕೆ ಕಟ್ಟಿ ಬಂದ. ನಸುಕಿನಲ್ಲಿ ನಾನು ಹೋಗಿ, ಉಳಿದಿದ್ದ ಬಿದಿರು ನೆಟ್ಟು ಆ ದಾರಿ ಮುಚ್ಚಿದೆ. ದುರಾಸೆ, ಬೇರೇನಲ್ಲ. ಮೀನು ಬಂದು ಬಂದು ಬಡಿದವು; ನೀರೇ ಬೆಳ್ಳಿಯಾಯಿತು. ಬುಟ್ಟಿ ತುಂಬಿಸಿ ಮನೆಗೆ ಒಯ್ದೆ. ಬಿದಿರು ಕೀಳಲು ಮರಳುವಷ್ಟರಲ್ಲಿ ಊರ ಹಿರಿಯರು ಮುಚ್ಚಿದ ದಾರಿ ನೋಡುತ್ತ ಅಲ್ಲಿ ನಿಂತಿದ್ದರು.

ಅಣ್ಣನನ್ನು ಕರೆಸಿ ಕೇಳಿದರು. "ಬಿಟ್ಟಿದ್ದೆ ಅಂತ ನೆನಪು," ಎಂದ ಅವನು, ಮಂಕಾಗಿ. ಯಾರೂ ನಂಬಲಿಲ್ಲ. ಮತ್ತೆಂದೂ ಅವನಿಗೆ ಸರದಿ ಕೊಡಲಿಲ್ಲ. ನಾನು ಬಾಯಿ ತೆರೆಯಲಿಲ್ಲ.

ಟೀಚರಮ್ಮ ಹೋದ ಮೇಲೆ, ಊಟದ ಬಿಡುವಿನಲ್ಲಿ, ಖಾಲಿ ಥರ್ಮೋಕೋಲ್ ಪೆಟ್ಟಿಗೆಯ ಮೇಲೆ ಕೂತು ಅಣ್ಣನಿಗೆ ಫೋನ್ ಮಾಡಿದೆ.

"ಎಂತ ಮಾರಾಯಾ, ಅಲ್ಲಿ ಬಿಸಿಲು ತಲೆಗೇರಿತಾ? ಈ ಹೊತ್ತಿಗೆ ಫೋನು?"

ಎಲ್ಲವನ್ನೂ ಹೇಳಿದೆ. ಬೈಗುಳಕ್ಕೆ ಕಾದೆ.

"ನಾನೇ ಮರೆತದ್ದು ಅಂತ ಗ್ರಹಿಸಿದ್ದೆ," ಎಂದ. "ಕತ್ತಲಾಗ್ತಾ ಇತ್ತಲ್ಲ. ಮನಸ್ಸಿನಲ್ಲೇ ಆ ತಡಿಕೆ ಎಷ್ಟು ಸಲ ಕಟ್ಟಿ ನೋಡಿದ್ದೇನೆ! ಒಮ್ಮೆ ದಾರಿ ಉಂಟು, ಒಮ್ಮೆ ಇಲ್ಲ."

ಕ್ಷಮೆ ಕೇಳಲು ಮಾತು ಜೋಡಿಸಿಟ್ಟುಕೊಂಡಿದ್ದೆ. ಅವನು ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

"ಹಾಗಾದ್ರೆ ನಾನು ಬಿಟ್ಟಿದ್ದೆ, ಅಲ್ವಾ?"

"ಬಿಟ್ಟಿದ್ದಿ, ಅಣ್ಣಾ."

ಇನ್ನೊಮ್ಮೆ ಹೇಳು ಎಂದ. ಹೇಳಿದೆ.