ಒಬ್ಬನೇ ಕೂತ ಫೋಟೋ

ಕೈಗೆ ಡಿಜಿಟಲ್ ಕ್ಯಾಮೆರಾ, ಮನೆಗೆ ಕಂಪ್ಯೂಟರ್ ಬಂದ ಹೊಸತರಲ್ಲಿ ನನಗೆ ಜಂಬ ಸ್ವಲ್ಪ ಜಾಸ್ತಿಯೇ ಆಗಿತ್ತು. ಮಕ್ಕಳ ಫೋಟೋ ತೆಗೆಯಲು ಕೊಪ್ಪಳದ ನಮ್ಮ ಪಡಸಾಲೆಯೇ ನನ್ನ ಸ್ಟುಡಿಯೋ. ಪೂರ್ವದ ಕಿಟಕಿಗೆ ಮಾವನವರ ತೆಳು ಧೋತರ ಕಟ್ಟಿದರೆ ಬೆಳಗಿನ ಬಿಸಿಲು ಹದವಾಗಿ ಒಳಗೆ ಬರುತ್ತಿತ್ತು. ಎದುರಿಗೆ ಬಿಳಿ ಚಾದರ ಹಿಡಿದರೆ ಮಗುವಿನ ಇನ್ನೊಂದು ಕೆನ್ನೆಗೂ ಬೆಳಕು. ಫ್ಲ್ಯಾಶ್ ಹೊಡೆದು ಮಕ್ಕಳನ್ನು ಬೆಚ್ಚಿಬೀಳಿಸುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೇ.

ಒಂದು ದಿನ ಗಂಗಾವತಿಯಿಂದ ಒಬ್ಬ ತಾಯಿ ಮಗನನ್ನು ಎತ್ತಿಕೊಂಡು ಬಂದಳು. ಎರಡು ವರ್ಷ ತುಂಬಿದ್ದರೂ ಹುಡುಗನಿಗೆ ಕೂರಲು ಬರುತ್ತಿರಲಿಲ್ಲ. ಬಿಟ್ಟರೆ ಪಕ್ಕಕ್ಕೆ ವಾಲುತ್ತಿದ್ದ. ಡಾಕ್ಟರು ವ್ಯಾಯಾಮ ಹೇಳಿಕೊಟ್ಟಿದ್ದರು. ಕೂರುತ್ತಾನೆ, ಆದರೆ ತಡವಾಗುತ್ತದೆ ಅಂದಿದ್ದರಂತೆ.

"ಬಂದವರೆಲ್ಲಾ ಅದನ್ನ ಕೇಳ್ತಾರ್ರಿ ಅಕ್ಕಾರ, ಇನ್ನಾ ಕುಂದ್ರಂಗಿಲ್ಲೇನು ಅಂತ. ಒಬ್ಬನ ಕುಂತಂಗ ಒಂದು ಫೋಟೋ ಮಾಡಿಕೊಡ್ರಿ. ಗ್ವಾಡಿಗೆ ಹಾಕ್ತೀನಿ. ಎಲ್ಲಾರೂ ಬಾಯಿ ಮುಚ್ಚಲಿ."

ನನಗೆ ಅದು ನೀರು ಕುಡಿದಷ್ಟು ಸುಲಭ. ಕಿನ್ನಾಳದ ಮರದ ಕುದುರೆಯ ಮೇಲೆ ಹುಡುಗನನ್ನು ಕೂರಿಸಿದೆ. ಅವಳು ಹಿಂದಿನಿಂದ ಅವನ ಸೊಂಟ ಹಿಡಿದುಕೊಂಡಳು, ಒಂದು ಫೋಟೋ. ಕ್ಯಾಮೆರಾ ಅಲುಗಿಸದೆ ಬರೀ ಕುದುರೆಯದು ಇನ್ನೊಂದು. ಅವಳ ಕೈ ಮುಚ್ಚಿದ್ದ ಅಂಗಿಯ ಭಾಗ ಬೇಕಲ್ಲ, ಅದಕ್ಕೆ ಅವನನ್ನು ಮಲಗಿಸಿ ಮತ್ತೊಂದು. ಮೂರನ್ನೂ ಕಂಪ್ಯೂಟರಿನಲ್ಲಿ ಸೇರಿಸಿ, ತಾಯಿಯನ್ನು ತೆಗೆದುಹಾಕಿದೆ. ಅವಳ ಬಳೆಯ ನೆರಳನ್ನೂ ಉಳಿಸಲಿಲ್ಲ. ಹುಡುಗ ಒಬ್ಬನೇ ಕುದುರೆ ಏರಿ ನಗುತ್ತಿದ್ದ.

ವಾರ ಬಿಟ್ಟು ಬಂದು ಫೋಟೋ ನೋಡಿದವಳ ಮುಖ ಮೊದಲು ಅರಳಿತು. ಹೊಗಳುತ್ತಾಳೆ ಎಂದು ಕಾದೆ. ಅವಳು ನೋಡಿ ನೋಡಿ ಅದನ್ನು ನನ್ನ ಕೈಗೇ ವಾಪಸ್ ಕೊಟ್ಟಳು.

"ಭಾಳ ಛಲೋ ಐತ್ರಿ. ಆದ್ರ ಬ್ಯಾಡ್ರಿ. ಇದನ್ನ ಈಗ ಗ್ವಾಡಿಗೆ ಹಾಕಿದ್ರ, ಇವ ಖರೇನ ಕುಂತ ದಿನಾ ಯಾರಿಗೂ ಏನೂ ಅನ್ಸಂಗಿಲ್ಲ. ಮೊದ್ಲ ಕುಂತಿದ್ನಲ್ಲ ಅಂತಾರ. ನನ್ನ ಕೈ ಇದ್ದದ್ದ ಕೊಡ್ರಿ."

ನನಗೆ ಸಿಟ್ಟು ಬಂತು. ಎರಡು ದಿನ ಕಣ್ಣು ಕೆಂಪಗೆ ಮಾಡಿಕೊಂಡು ಮಾಡಿದ ಕೆಲಸ! ಮುಖ ಊದಿಸಿಕೊಂಡೇ ಮೊದಲ ಫೋಟೋದ ಪ್ರಿಂಟ್ ಹಾಕಿಸಿ ಕೊಟ್ಟೆ. ಅವಳು ಹೋದ ಮೇಲೆ ಆ ಮಾತು ನನ್ನ ತಲೆಗೆ ಹೋಯಿತು. ಹುಡುಗ ಕೂರುತ್ತಾನೆ ಎಂದು ಅವಳು ನಂಬಿದ್ದಳು, ನಾನು ನಂಬಿರಲಿಲ್ಲ. ನಾಚಿಕೆಯಾಯಿತು.

ವರ್ಷವಾಗುತ್ತ ಬಂದಾಗ ಫೋನು ಬಂತು.

"ಅಕ್ಕಾರ, ಕುಂತಾನ್ರಿ! ನಾಳೆ ಬರ್ತೀವ್ರಿ."

ನಾನು ಫೋನು ಹಿಡಿದುಕೊಂಡೇ ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ಚಾಪೆಯ ಮೇಲೆ ಕೂರಿಸಿದೆವು. ಹುಡುಗ ಒಂದು ಕಡೆ ತುಸು ವಾಲಿದ್ದ. ಗಲ್ಲದ ಮೇಲೆ ಜೊಲ್ಲು, ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡು, ಉಸಿರು ಹಿಡಿದು ನನ್ನ ಪಕ್ಕದಲ್ಲಿ ನಿಂತಿದ್ದಳು. ಆ ಫೋಟೋದಲ್ಲಿ ನಾನು ಏನನ್ನೂ ತಿದ್ದಲಿಲ್ಲ.