ಅಮರಪ್ಪನ ತಗಡಿನ ಎಮ್ಮೆ

ನಮ್ಮಣ್ಣ ಅಮರಪ್ಪನಂಥ ಭೋಳೆ ಮನುಷ್ಯ ವಿಜಾಪುರದಲ್ಲಿ ಮತ್ತೊಬ್ಬನಿರಲಿಲ್ಲ. ಸೊಲ್ಲಾಪುರ ರಸ್ತೆಯಲ್ಲಿ ಅವನದೊಂದು ತಗಡಿನ ಅಂಗಡಿ. ಬಕೀಟು, ಲಾಳಿಕೆ, ಜೋಳದ ಡಬ್ಬಿ ಮಾಡುವುದು, ಸೋರುವ ಕೊಡಕ್ಕೆ ಬೆಸುಗೆ ಹಾಕುವುದು. ಗಂಡ ತೀರಿದ ಮೇಲೆ ನಾನೂ ಅಣ್ಣನ ಮನೆ ಸೇರಿ ರೊಟ್ಟಿ ಬಡಿದು ಹಾಕುತ್ತಿದ್ದೆ.

ಗುರಲಿಂಗಪ್ಪ ಅಣ್ಣನ ಗೆಳೆಯ. ಇಬ್ಬರೂ ಮಮದಾಪುರದಲ್ಲಿ ಹುಟ್ಟಿ, ಕೆರೆದಂಡೆಯಲ್ಲಿ ಕೂಡಿ ಎಮ್ಮೆ ಕಾದವರು. ಅವನು ಓದಿ ಬಬಲೇಶ್ವರದ ಕಡೆ ಚಿತ್ರದ ಮಾಸ್ತರನಾದ. ಅರವತ್ತೆರಡನೆಯ ಇಸವಿಯಲ್ಲಿ ಒಂದು ಸಂತೆಯ ದಿನ ಅಂಗಡಿಗೆ ಬಂದವನು ಪುಸ್ತಕ ಬಿಚ್ಚಿ ಒಂದು ಚಿತ್ರ ತೋರಿಸಿದ. ಪರದೇಶದವರು ಬರೆದದ್ದಂತೆ, ಕ್ಯೂಬಿಸಂ ಅಂತೆ. ಒಂದು ಆಡು, ಮೈಯೆಲ್ಲ ಮುಕ್ಕೋಣ, ಚೌಕ. ಎರಡು ಕಣ್ಣೂ ಒಂದೇ ಮಗ್ಗುಲಲ್ಲಿ.

"ಯವ್ವಾ, ಎಲ್ಲಿ ಬಿದ್ದು ಒಡದೈತಿ ಇದು?" ಎಂದೆ ನಾನು.

ಅಣ್ಣ ನಗಲಿಲ್ಲ. "ಮುಂದಿಂದೂ ಮಗ್ಗಲಿಂದೂ ಒಮ್ಮೆಲೇ ತೋರಿಸ್ಯಾನಲೇ ಗುರಲಿಂಗ್ಯಾ! ತಗಡು ಮಡಚಿದ್ರ ಹಿಂಗ ಆಗತೈತಿ!" ಎಂದು ಕುಣಿದಾಡಿದ.

ಅಂದಿನಿಂದ ಅವನಿಗೆ ಹುಚ್ಚು ಹಿಡಿಯಿತು. ಹಳೆ ಎಣ್ಣೆ ಡಬ್ಬಿ ಸೀಳಿ, ಕತ್ತರಿಸಿ, ಮಡಚಿ, ಅಂಚಿಗೆ ಅಂಚು ಬೆಸೆದು ಆಡು ಮಾಡಿದ, ಕತ್ತೆ ಮಾಡಿದ. ಬಸ್ಸಿಗೆ ಬಣ್ಣ ಹೊಡೆಯುವ ಇಸಾಕನ ಹತ್ತಿರ ಉಳಿದ ಬಣ್ಣ ತಂದು ಒಂದು ಮಗ್ಗುಲಿಗೆ ಕೆಂಪು, ಒಂದಕ್ಕೆ ಹಳದಿ ಬಳಿದ. ಬಕೀಟಿಗೆ ಬಂದವರು ಹೊಟ್ಟೆ ಹಿಡಿದು ನಕ್ಕರು. ಆದರೆ ಕಡೆಗೆ ಮಾಡಿದ ಎಮ್ಮೆ ನೋಡಿ ಯಾರೂ ನಗಲಿಲ್ಲ. ಕೋಡು ಕಡುನೀಲಿ, ಬೆನ್ನು ಹಸಿರು. ಆಗಷ್ಟೇ ಕೆರೆಯಿಂದ ಎದ್ದು ಬಂದಂತಿತ್ತು.

"ಲಕ್ಕವ್ವಾ, ಇದೊಂದು ಅಮರಪ್ಪ ಮಾಡ್ಯಾನ ಅಂತ ಮಂದಿಗೆ ಗೊತ್ತಾದ್ರ ಸಾಕವಾ," ಎಂದು ನನಗೆ ಹೇಳಿದ ಅಣ್ಣ. ಜನ್ಮದಲ್ಲಿ ಅವನು ಬೇಡಿದ್ದು ಅಷ್ಟೇ.

ಅದನ್ನು ಮುಂಬೈಯ ಪ್ರದರ್ಶನಕ್ಕೆ ಒಯ್ಯುತ್ತೇನೆಂದ ಮಾಸ್ತರ. "ರೈಲಿನಾಗ ಕಳದೀತೋ. ಹೊಟ್ಟಿ ಕೆಳಗ ನನ್ನ ಹೆಸರು ಹೊಡಿ," ಎಂದ. ನಮ್ಮ ಕಡೆ ಪಾತ್ರೆ-ಭಾಂಡೆಯ ಮೇಲೆ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆಯುವ ಹೆಸರು ಭಾಂಡೆ ಯಾರದೋ ಅವರದು. ಮಾಡಿದವನ ಹೆಸರನ್ನು ಯಾವ ಕೊಡದ ಮೇಲೆ ಯಾರು ಕಂಡಿದ್ದಾರೆ? ಒಯ್ಯುವವನ ಹೆಸರಿದ್ದರೆ ತಪ್ಪೇನು ಎಂದು ಅಣ್ಣ ಕೈಯಾರೆ ಹೊಡೆದುಕೊಟ್ಟ. ಮೂರ್ತಿಯ ಮೇಲಿನ ಹೆಸರೆಂದರೆ ಮಾಡಿದವನ ಹೆಸರು ಎಂಬುದು ಮಾಸ್ತರನಿಗೆ ಗೊತ್ತಿತ್ತು. ಆ ಕಳ್ಳನಿಗೆ ಚೆನ್ನಾಗಿ ಗೊತ್ತಿತ್ತು!

ಎಮ್ಮೆಗೆ ಬಹುಮಾನ ಬಂತು. ಬಬಲೇಶ್ವರದಲ್ಲಿ ಮಾಸ್ತರನಿಗೆ ಸತ್ಕಾರ. ತನ್ನನ್ನೂ ಕರೆದು ನಿಲ್ಲಿಸುತ್ತಾರೆಂದು ಅಣ್ಣ ತಲೆಗೆ ಹೊಸ ಪಟಕ ಸುತ್ತಿಕೊಂಡು ಹೊರಟ, ನಾನೂ ಹೋದೆ.

"ಈ ಎಮ್ಮಿ ನನ್ನ ಕನಸಿನಾಗ ಬಂದಿತ್ತರಿ," ಎಂದು ಮೇಜಿನ ಮೇಲಿಟ್ಟಿದ್ದ ಎಮ್ಮೆಗೆ ಕೈ ತೋರಿಸಿ ಶುರುಮಾಡಿದ ಮಾಸ್ತರ.

ಅಣ್ಣ ಎದ್ದು ನಿಂತ. "ಅದು ನಾ ಮಾಡಿದ್ದಲ್ಲೇನೋ ಗುರಲಿಂಗ್ಯಾ?"

ಮಾಸ್ತರ ಅಣ್ಣನ ಮುಖ ನೋಡಲಿಲ್ಲ. ಎಮ್ಮೆಯನ್ನು ಅಂಗಾತ ತಿರುವಿ, "ಯಾರ ಹೆಸರೈತಿ ಓದ್ರಿ," ಎಂದು ಸಭೆಗೆ ತೋರಿಸಿದ.

"ಆ ಹೆಸರು ಹೊಡದಾಂವನೂ ನಾನ..." ಎನ್ನುವಷ್ಟರಲ್ಲಿ ಸಭೆ ಗೊಳ್ಳೆಂದು ನಕ್ಕಿತು. ನಂಬಿದ ಎಮ್ಮೆ ಕೋಣ ಈಯಿತು ಅನ್ನುವುದು ಇದಕ್ಕೇ. ಬಸ್ಸಿನಲ್ಲಿ ಅಣ್ಣ ಪಟಕ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನನಗೆ ಅಳು ತಡೆಯಲಾಗಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಅದೇ ಮಾಸ್ತರ ಅಂಗಡಿಗೆ ಬಂದ, ಮುಖಕ್ಕೆ ನಾಚಿಕೆಯಿಲ್ಲದೆ! ಮುಂಬೈಯವರು ಅಂಥದೇ ಇನ್ನೊಂದು ಕೇಳಿದ್ದರು. ಅವನ ಕೈಯಲ್ಲಿ ಒಂದು ಲಾಳಿಕೆಯೂ ಆಗುತ್ತಿರಲಿಲ್ಲ.

"ತಪ್ಪಾತೋ ಅಮರ್ಯಾ. ಇದೊಂದು ಮಾಡಿಕೊಡು, ಎಲ್ಲಾರ ಮುಂದ ನಿನ್ನ ಹೆಸರು ಹೇಳತೀನಿ."

ನಾನು ಕಸಬರಿಗೆ ಹಿಡಿದೇ ನಿಂತಿದ್ದೆ. ಅಣ್ಣನಿಗೆ ಸಿಟ್ಟೂ ಬರಲಿಲ್ಲ. "ಕೇಳಿದ್ರ ಹೆಸರೂ ಕೊಡತಿದ್ನೆಲ್ಲೋ. ಕಳವು ಯಾಕ ಮಾಡಿದಿ?" ಎಂದ. ಕತ್ತರಿ ಕೈಗೆತ್ತಿಕೊಂಡು, "ಹೋಗು, ಮೊದಲ ಹೇಳಿ ಬಾ. ನಾ ಮಾಡಿಟ್ಟಿರತೀನಿ," ಎಂದ.

ಮಾಡಿಯೂ ಇಟ್ಟ, ನೋಡಿ! ಮೊದಲಿನದಕ್ಕಿಂತ ಚೆಂದ. ಬಬಲೇಶ್ವರದಿಂದ ಬಂದವರನ್ನೆಲ್ಲ, "ಮಾಸ್ತರ ಏನರ ಹೇಳ್ಯಾರೇನ್ರಿ?" ಎಂದು ಕೇಳುತ್ತಿದ್ದ. ಮಳೆ ಕಳೆಯಿತು, ದೀಪಾವಳಿ ಕಳೆಯಿತು. ಮಾಸ್ತರ ಹೇಳಲೂ ಇಲ್ಲ, ಬರಲೂ ಇಲ್ಲ.

ಒಂದು ಮುಂಜಾನೆ ತಿಕೋಟದ ರೈತನೊಬ್ಬ ತಳ ಹೋದ ಬಕೀಟು ತಂದ. ಅಂಗಡಿಯಲ್ಲಿ ತಗಡು ಬೇಕಾದಷ್ಟಿತ್ತು. ಆದರೂ ಅಣ್ಣ ಮಾಡಿಟ್ಟಿದ್ದ ಆ ಎಮ್ಮೆಯನ್ನು ಹಲಗೆಯಿಂದ ಕೆಳಗಿಳಿಸಿ, ಬೆಸುಗೆ ಬಿಚ್ಚಿ, ಅದರ ಹೊಟ್ಟೆಯನ್ನು ಬಡಿದು ಚಪ್ಪಟೆ ಮಾಡಿ, ಬಕೀಟಿಗೆ ತಳ ಹಾಕಿಕೊಟ್ಟ.